ಬೇವಿನ ಹಗ್ಗ

ಅಳಿಯನ ಕಾರ್ಡು ಬಂದಾಗ ನಾನು ಹಿತ್ತಲಲ್ಲಿ ನನ್ನ ಕಂಬಳಿ ಸುಡುತ್ತಿದ್ದೆ. ಸಿಡುಬು ಎದ್ದವರು ಹೊದ್ದ ಬಟ್ಟೆ ಮನೆಯಲ್ಲಿ ಇರಕೂಡದು ಎಂದು ಹೆಲ್ತ್ ಇನ್ಸ್‌ಪೆಕ್ಟರು ಎರಡು ಸಲ ಬೈದು ಹೋಗಿದ್ದ. ಒಳ್ಳೆಯ ಕಂಬಳಿ, ತವರಿನಲ್ಲಿ ಕೊಟ್ಟದ್ದು. ಹೊಗೆ ಕಣ್ಣಿಗೆ ನುಗ್ಗಿ, ಯಾರನ್ನಾದರೂ ಹಿಡಿದು ಬಡಿಯಬೇಕು ಎನ್ನುವಷ್ಟು ಸಿಟ್ಟು ಬಂದಿತ್ತು. ಅಂಥ ಹೊತ್ತಿನಲ್ಲಿ ನಮ್ಮನೆಯವರು ಬಂದು ಕಾರ್ಡು ಚಾಚಿದರು.

ಊರ ಸ್ಕೂಲಿನಲ್ಲಿ ನಾಲ್ಕನೇ ಕ್ಲಾಸಿನವರೆಗೆ ಓದಿದವಳು ನಾನು. ಮನೆಗೆ ಬಂದ ಕಾಗದ ಓದುವುದು ನನ್ನದೇ ಕೆಲಸ. ಅಳಿಯ ಹುದಿಕೇರಿ ಹತ್ತಿರದ ಕಾಫಿ ಎಸ್ಟೇಟಿನಲ್ಲಿ ರೈಟರ್. ಲೆಕ್ಕ ಬರೆಯುವ ಹಾಗೆಯೇ ಕಾಗದ ಬರೆಯುತ್ತಾನೆ. ‘ಚಿಕ್ಕಿಗೆ ಎಂಟು ತುಂಬುತ್ತಾ ಬಂತು. ಕಾಲು ಊದಿದೆ. ಮನೆಯಲ್ಲಿ ಬೇರೆ ಹೆಂಗಸರು ಇಲ್ಲವೆಂದು ತಮಗೆ ತಿಳಿದದ್ದೇ. ಅತ್ತೆಯವರು ಬೇಗ ಬಂದು ಕರೆದುಕೊಂಡು ಹೋಗಬೇಕು.’

ಚಿಕ್ಕಿ ನನ್ನ ಒಬ್ಬಳೇ ಮಗಳು. ಅವಳ ಅತ್ತೆ ಮದುವೆಗೆ ಮುಂಚೆಯೇ ತೀರಿಕೊಂಡವಳು. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು. ಹೆತ್ತವಳೇ ಹೋಗಿ ಮಡಿಲು ತುಂಬಿ ಕರೆತರಬೇಕು. ಅಪ್ಪ ಹೋದರೆ ಆಗುವುದಿಲ್ಲ, ಅಣ್ಣ ಹೋದರೆ ಆಗುವುದಿಲ್ಲ. ಏಳನೇ ತಿಂಗಳಲ್ಲೇ ನಾನು ಹೋಗಬೇಕಿತ್ತು. ಆಗ ನಾನು ಸಿಡುಬಿನ ಷೆಡ್ಡಿನಲ್ಲಿ ಬಿದ್ದಿದ್ದೆ.

‘ಯಾವಾಗ ಹೋಯ್ತೀಯ?’ ಎಂದರು ನಮ್ಮನೆಯವರು.

‘ನಾಳೆ’ ಎಂದೆ. ಹೇಳಿದ ಮರುಗಳಿಗೆ ಎದೆ ದಬದಬ ಹೊಡೆದುಕೊಳ್ಳತೊಡಗಿತು. ಕೋಲು ಕೆಳಗಿಟ್ಟು ಅಲ್ಲೇ ಕೂತೆ. ಹೊಗೆ ಅಂದುಕೊಂಡರು ಅವರು. ನಾನೂ ಹೊಗೆ ಎಂದೇ ಹೇಳಿದೆ.

ಅದು ಐವತ್ತೆರಡನೇ ಇಸವಿ. ಎಲ್ಲರೂ ಸಾಲುನಿಂತು ಮೊದಲ ಸಲ ಓಟು ಹಾಕಿದ್ದೆವು. ಓಟಿನ ಬೆನ್ನಿಗೇ ಸಿಡುಬು ಬಂತು. ಹೊಳೆಯಾಚೆಯ ಮೈಸೂರು ರಾಜ್ಯದವರು ಅದು ಕೊಡಗಿನಿಂದ ಬಂತು ಎಂದರು, ಕೊಡಗಿನ ನಾವು ಅವರಿಂದ ಬಂತು ಎಂದೆವು. ಕುಶಾಲನಗರಕ್ಕೆ ಎರಡೂವರೆ ಮೈಲಿಯ ನಮ್ಮ ಹೊಸಕೊಪ್ಪಲಿನಲ್ಲಿ ಹನ್ನೊಂದು ಜನ ಹೋದರು. ಕಾಯಿಲೆ ಕಾಣಿಸಿದವರನ್ನೆಲ್ಲ ಇಲಾಖೆಯ ಲಾರಿಗೆ ಹಾಕಿಕೊಂಡು ಹೋಗಿ ಪೇಟೆಯ ಆಚೆ ತಗಡು ಹೊದಿಸಿದ ಷೆಡ್ಡಿನಲ್ಲಿ ಮಲಗಿಸುತ್ತಿದ್ದರು. ನನ್ನನ್ನೂ, ವಯಸ್ಸಿನಲ್ಲಿ ನನಗಿಂತ ಚಿಕ್ಕವಳಾದ ನನ್ನ ಓರಗಿತ್ತಿ ನಿಂಗಮ್ಮನನ್ನೂ ಒಂದೇ ಲಾರಿಯಲ್ಲಿ ಹಾಕಿದರು. ಹದಿನೆಂಟು ದಿನದ ಮೇಲೆ ನಾನು ಬಂದೆ. ನಿಂಗಮ್ಮ ಬರಲಿಲ್ಲ. ನನಗೆ ಮೂರು ಸಲ ತಲೆಗೆ ನೀರು ಹಾಕಿದ್ದಾಯಿತು. ಮೂರು ನೀರು ಬಿದ್ದರೆ ತಾಯಿ ಮಾರಮ್ಮ ಬಿಟ್ಟು ಹೋದಳು ಎಂದು ಲೆಕ್ಕ. ಮೈ ಮೇಲಿನ ತಾಯಿ ಹೋದಳು, ಸರಿ. ಒಂದು ಮೋಟರಿನ ಸದ್ದು ಕೇಳಿದರೆ ಬೆನ್ನೆಲ್ಲ ತಣ್ಣಗಾಗುತ್ತದಲ್ಲ, ಅದು ಹೋಗುವುದಕ್ಕೆ ಎಷ್ಟು ನೀರು ಹಾಕಬೇಕು ಎಂದು ಯಾವನೂ ಹೇಳಲಿಲ್ಲ. ನಾನೂ ಯಾರ ಹತ್ತಿರವೂ ಹೇಳಲಿಲ್ಲ. ಗುರುಸಿದ್ದವ್ವ ಬಸ್ಸಿಗೆ ಹೆದರುತ್ತಾಳೆ ಎಂದರೆ ಊರು ನಗುತ್ತಿತ್ತು. ನನ್ನ ಬಾಯಿಗೆ ಹೆದರುತ್ತಿದ್ದ ಊರು ಅದು.

ಮಾರನೆಯ ದಿನ, ಮಂಗಳವಾರ ಬೆಳಿಗ್ಗೆ ತಮಟೆ ಕೇಳಿಸಿತು. ಕೆಳಗಿನ ಬೀದಿಯ ಕರಿಯ ಬಂದು ನಮ್ಮ ಬಾಗಿಲ ಮುಂದೆ ನಿಂತು ಸಾರಿದ. ‘ಕೇಳ್ರಪ್ಪೋ, ಮಾರಮ್ಮನಿಗೆ ತಂಪು ಮಾಡ್ತಾರೆ. ಬರೋ ಮಂಗಳವಾರದ ಗಂಟ ಯಾರೂ ಊರು ಬಿಡಂಗಿಲ್ಲ. ಹೊರಗ್ನೋರು ಒಳಗೆ ಬರಂಗಿಲ್ಲ. ಒಗ್ಗರಣೆ ಹಾಕಂಗಿಲ್ಲ, ಬಾಣಲೆ ಇಡಂಗಿಲ್ಲ.’

ಇದನ್ನೇ ನಾವು ಸಾರು ಹಾಕುವುದು ಎನ್ನುತ್ತೇವೆ. ಒಮ್ಮೆ ಸಾರಿದ ಮೇಲೆ ಎಂಟು ದಿನ ಊರಿಗೆ ಕಟ್ಟು. ಗಾಡಿದಾರಿಗೆ ಅಡ್ಡಲಾಗಿ ಬೇವಿನ ಸೊಪ್ಪು ಸಿಕ್ಕಿಸಿದ ಹಗ್ಗ ಬಿಗಿಯುತ್ತಾರೆ. ಯಾರಾದರೂ ದಾಟಿದರೆ, ಯಾರ ಮನೆಯಲ್ಲಾದರೂ ಎಣ್ಣೆ ಸಿಡಿದರೆ, ತಾಯಿ ಮುನಿಯುತ್ತಾಳೆ, ಮತ್ತೆ ಮೊದಲಿನಿಂದ ಎಂಟು ದಿನ.

ಒಂದು ಸಾರು ಆಗಿದ್ದರೆ ಸಹಿಸಬಹುದಿತ್ತು. ನಮ್ಮದು ಎರಡು ಸಾರಿನ ಊರು. ಮೇಲಿನ ಬೀದಿ ಹಾಸನದ ಕಡೆಯಿಂದ ಬಂದು ನೆಲೆ ನಿಂತ ನಮ್ಮದು, ಕೆಳಗಿನ ಬೀದಿ ಮೈಸೂರಿನ ಕಡೆಯವರದು. ಒಟ್ಟಿಗೆ ಕಾಡು ಕಡಿದು ಗದ್ದೆ ಮಾಡಿ ಮೂವತ್ತು ವರ್ಷವಾಗಿದ್ದರೂ ದೇವರು ಒಂದಾಗಿರಲಿಲ್ಲ. ನಮ್ಮ ಮಾರಿಗೆ ಮಂಗಳವಾರ, ಅವರ ಮಾರಿಗೆ ಶುಕ್ರವಾರ. ಯಾರ ಮಾರಿ ದೊಡ್ಡವಳು ಎಂದು ಗಂಡಸರು ಪಂಚಾಯಿತಿ ಕಟ್ಟೆಯಲ್ಲಿ ಅರ್ಧ ದಿನ ಕೂಗಾಡಿ ಒಂದು ತೀರ್ಮಾನಕ್ಕೆ ಬಂದಿದ್ದರು. ಮೊದಲು ಮೇಲಿನ ಬೀದಿಯ ಸಾರು. ಅದು ಮುಗಿದ ಶುಕ್ರವಾರ ಕೆಳಗಿನ ಬೀದಿಯ ಸಾರು. ಎರಡನ್ನೂ ಎರಡು ಬೀದಿಯವರೂ ನಡೆಸಬೇಕು. ಇಂಥ ಬುದ್ಧಿವಂತಿಕೆ ನಮ್ಮ ಊರಿನ ಗಂಡಸರಿಗೆ ಮಾತ್ರ ಹೊಳೆಯುವುದು.

ತೀರ್ಮಾನ ಮಾಡಿದವರಲ್ಲಿ ಮುಂದಾಳು ನನ್ನ ಭಾವ ಬೊಳ್ಳಪ್ಪ, ಸತ್ತ ನಿಂಗಮ್ಮನ ಗಂಡ. ತಮಟೆ ಕೇಳಿದ ಕೂಡಲೆ ತಲೆಯ ಮೇಲೆ ಸೆರಗು ಎಳೆದುಕೊಂಡು ಅವನ ಮನೆಗೆ ನಡೆದೆ. ಜಗಲಿಯ ಮೇಲೆ ಕೂತಿದ್ದ. ಹೆಂಡತಿ ಸತ್ತ ಮೂರು ವಾರದಲ್ಲಿ ಮುಖ ಒಣಗಿ ಚೆಕ್ಕೆಯಂತಾಗಿತ್ತು.

‘ಬಾವ, ಎಂಟು ತಿಂಗಳ ಬಸುರಿ ಅಲ್ಲಿ ಕುಂತವ್ಳೆ. ನೀವು ಇಲ್ಲಿ ಹಗ್ಗ ಕಟ್ತೀರಾ?’

‘ಎಂಟು ದಿನ ತಾನೆ ಗುರುಸಿದ್ದವ್ವ.’

‘ಎಂಟು ಆದ್ಮೇಲೆ ಅವರದ್ದು ಎಂಟು. ನಿಮ್ಗೆ ಲೆಕ್ಕ ಬತ್ತದಾ?’

‘ನಡುವೆ ಬುಧವಾರ, ಗುರುವಾರ ಬಿಟ್ಟದೆ. ಬುಧವಾರ ಹೋಗಿ ಗುರುವಾರ ಕರ್ಕಂಡು ಬಾ. ಯಾರು ಬ್ಯಾಡ ಅಂದ್ರು?’

‘ನಿಮ್ಮ ಮಾರಿ, ನಿಮ್ಮ ಹಗ್ಗ, ನಿಮ್ಮ ಬುಧವಾರ’ ಎಂದು ಕೂಗಿ, ಬೀದಿಗೆಲ್ಲ ಕೇಳುವ ಹಾಗೆ ಬೈದು ಬಂದೆ. ಬೇವಿನ ಮರದ ಕೆಳಗಿದ್ದ ಹೆಂಗಸರು ‘ಪಾಪ, ಮಗಳ ಸಂಕಟ’ ಎಂದರು. ಮನೆಗೆ ಬಂದು ಒಂದು ಚೆಂಬು ನೀರು ಕುಡಿದೆ. ಎದೆ ಸುಮ್ಮನಾಗಿತ್ತು. ಎಷ್ಟೋ ದಿನದ ಮೇಲೆ ಆ ಮಧ್ಯಾಹ್ನ ನಿದ್ದೆ ಹತ್ತಿತು.

ಬುಧವಾರ ಬಂತು. ಮಡಿಲಿಗೆ ಅಕ್ಕಿ, ಬೆಲ್ಲ, ಎಲೆ ಅಡಿಕೆ, ಒಂದು ಹಸಿರು ಸೀರೆ ಗಂಟು ಕಟ್ಟಿದೆ. ನಮ್ಮನೆಯವರು ಗಾಡಿಯಲ್ಲಿ ಪೇಟೆಯ ತನಕ ಬಿಟ್ಟರು. ಅವರಿಗೆ ಸಂತೆಯಲ್ಲಿ ಏನೋ ತರುವುದಿತ್ತು, ಆ ಕಡೆ ಹೋದರು. ನಾನು ಬಸ್‌ಸ್ಟ್ಯಾಂಡಿನಲ್ಲಿ ಗಂಟು ತೊಡೆಯ ಮೇಲಿಟ್ಟುಕೊಂಡು ಕೂತೆ.

ಸಿದ್ದಾಪುರದ ಕಡೆಗೆ ಹೋಗುವ ಬಸ್ಸು ಬಂದು ನಿಂತಿತು. ಎಂಜಿನ್ನಿನ ಮುಂದೆ ಹ್ಯಾಂಡಲು ಹಾಕಿ ತಿರುಗಿಸಿದರು. ಅದು ಗುರುಗುಟ್ಟಿ ಮೈ ನಡುಗಿಸಿತು. ನನಗೆ ಆ ಬಸ್ಸಿನ ಕಿಟಕಿ ಕಾಣಲಿಲ್ಲ. ಲಾರಿಯ ಹಿಂಬಾಗಿಲು ಕಂಡಿತು. ಅದರ ಸರಪಳಿ ಕಂಡಿತು. ನಿಂಗಮ್ಮನ ಕಾಲು ನನ್ನ ಹೊಟ್ಟೆಗೆ ಒತ್ತುತ್ತಿದ್ದದ್ದು, ಗುಂಡಿಗೆ ಚಕ್ರ ಇಳಿದಾಗ ಅವಳು ‘ಅಕ್ಕಾ’ ಎಂದದ್ದು. ಕಂಡಕ್ಟರು ‘ಹತ್ತಿ, ಹತ್ತಿ’ ಎಂದು ತಟ್ಟಿದ. ಎದ್ದು ನಿಂತೆ. ಕಾಲು ಮುಂದಕ್ಕೆ ಬರಲಿಲ್ಲ. ಬಸ್ಸು ಹೋಯಿತು.

ಇನ್ನೊಂದು ಬಸ್ಸು ಬಂದು, ಅದೂ ಹೋಯಿತು.

ನಮ್ಮನೆಯವರು ತಿರುಗಿ ಬಂದಾಗ ನಾನು ಅಲ್ಲೇ ಇದ್ದೆ. ‘ಕಾಲಿಡಕ್ಕೆ ಜಾಗ ಇರ್ಲಿಲ್ಲ. ಕುರಿ ತುಂಬ್ದಂಗೆ ತುಂಬ್ಕಂಡು ಹೋದ್ರು ಹಲ್ಕಾ ನನ್‌ಮಕ್ಳು’ ಎಂದು ಬಸ್ಸಿನವರನ್ನು ಬೈದೆ. ಅವರು ಎತ್ತು ಹೂಡಿದರು. ಅವರು ಬಾಯಿ ತುಂಬ ಮಾತನಾಡುವುದು ಎತ್ತುಗಳ ಜೊತೆ ಮಾತ್ರ. ಗುರುವಾರ ಒಂದು ದಿನ ಉಳಿದಿತ್ತು. ಗುರುವಾರ ನನಗೆ ಜ್ವರ ಎಂದೆ. ಹಣೆ ಮುಟ್ಟಿ ನೋಡಿದರು. ತಣ್ಣಗಿತ್ತು. ಎದ್ದು ಹೊರಗೆ ಹೋದರು. ಒಂದು ಮಾತು ಬೈದಿದ್ದರೆ ನಾನು ಹೊರಡುತ್ತಿದ್ದೆನೋ ಏನೋ.

ಶುಕ್ರವಾರ ಕೆಳಗಿನ ಬೀದಿಯ ತಮಟೆ. ಮತ್ತೆ ಹಗ್ಗ. ಮತ್ತೆ ನಾನು ಬೀದಿಯಲ್ಲಿ ನಿಂತು ಇಬ್ಬರು ಮಾರಿಯರಿಗೂ, ಅವರ ಪೂಜಾರಿಗಳಿಗೂ ಮಂಗಳಾರತಿ ಮಾಡಿದೆ. ಬೈಯುವುದಕ್ಕೆ ಹಗ್ಗವೊಂದು ಇದ್ದರೆ ಎಷ್ಟು ಸಲೀಸು! ನಾನು ಹೋಗುತ್ತಿಲ್ಲ ಎನ್ನುವುದು ಯಾರಿಗೂ ಕಾಣುವುದಿಲ್ಲ, ಅವರು ಬಿಡುತ್ತಿಲ್ಲ ಎನ್ನುವುದೊಂದೇ ಕಾಣುತ್ತದೆ.

ಆ ಸಾರು ಮುಗಿಯುವ ಹಿಂದಿನ ದಿನ, ಗುರುವಾರ ಸಂಜೆ, ನಮ್ಮನೆಯವರು ಗಾಡಿಯ ಕೀಲಿಗೆ ಎಣ್ಣೆ ಬಿಡುತ್ತಾ, ‘ಶನಿವಾರ ಬೆಳಿಗ್ಗೆ ಮೊದಲನೇ ಬಸ್ಸಿಗೇ ಹೋಗುವ. ನಾನೂ ಬತ್ತೀನಿ’ ಎಂದರು. ಅಷ್ಟೂ ವಾರದಲ್ಲಿ ಅವರು ಆಡಿದ ಉದ್ದದ ಮಾತು ಅದು.

ನಾನು ಒಳಗೆ ಹೋದೆ. ಒಲೆಯ ಮೇಲೆ ಹುರುಳಿಯ ಸಪ್ಪೆ ಕಟ್ಟು ಕುದಿಯುತ್ತಿತ್ತು. ಅದನ್ನು ಇಳಿಸಿ, ಕಬ್ಬಿಣದ ಸೌಟಿಗೆ ಹುಚ್ಚೆಳ್ಳೆಣ್ಣೆ ಬಿಟ್ಟು ಕೆಂಡದ ಮೇಲೆ ಹಿಡಿದೆ. ಸಾಸಿವೆ ಹಾಕಿದೆ. ಬೆಳ್ಳುಳ್ಳಿ ಜಜ್ಜಿ ಹಾಕಿದೆ. ಎರಡು ಒಣಮೆಣಸಿನಕಾಯಿ ಮುರಿದು ಹಾಕಿದೆ. ಚಟಪಟ ಎಂದು ಸಿಡಿದು ಘಾಟು ಎದ್ದು ಹಿತ್ತಲ ಬಾಗಿಲಿನಿಂದ ಬೇಲಿ ದಾಟಿ ಕೆಳಗಿನ ಬೀದಿಗೆ ಹೋಯಿತು. ಕೈ ತಪ್ಪಿ ಆದದ್ದಲ್ಲ. ಮರೆತು ಮಾಡಿದ್ದಲ್ಲ. ಸೌಟನ್ನು ಬೂದಿಯಲ್ಲಿ ಒತ್ತಿ, ಕೈ ತೊಳೆದು ಬಂದು ಜಗಲಿಯಲ್ಲಿ ಕೂತೆ.

ಕಾಲು ಗಳಿಗೆಯಲ್ಲಿ ಕರಿಯ ಮೂಗರಳಿಸಿಕೊಂಡು ಬೇಲಿಗುಂಟ ಓಡಾಡುತ್ತಿದ್ದ. ‘ಯಾರದ್ರೋ ಇದು ಮನೆಹಾಳು ಒಗ್ಗರಣೆ? ಒಂದು ದಿನ ತಡ್ಕಳಕ್ಕಾಗ್ಲಿಲ್ವಾ ನಾಲಿಗೆಗೆ?’ ಅವನ ಹಿಂದೆ ಎಂಟು ಹತ್ತು ಜನ. ಭಾವನೂ ಬಂದ. ನಮ್ಮ ಬಾಗಿಲಿಗೆ ಬಂದಾಗ ನಾನೇ ಸೊಂಟದ ಮೇಲೆ ಕೈಯಿಟ್ಟು ಎದ್ದೆ. ‘ನನ್ನ ಕೇಳ್ತೀಯಾ? ಸಾರು ಯಾವಾಗ ಮುಗೀತದೆ ಅಂತ ಕಾಯ್ಕಂಡು ಕುಂತಿರೋಳ್ನ?’ ಕರಿಯ ತಪ್ಪಾಯಿತು ಎನ್ನುವಂತೆ ಹಿಂದೆ ಸರಿದ. ನಮ್ಮನೆಯವರು ಗಾಡಿಯ ಹತ್ತಿರ ಎಣ್ಣೆಯ ಕೈಯಲ್ಲಿ ನಿಂತಿದ್ದರು. ಅವರ ಮೂಗಿಗೆ ಘಾಟು ಹೋಗಿರಲಿಲ್ಲವೆ? ನನ್ನನ್ನೇ ನೋಡಿದರು. ನಾನು ಆ ಕಡೆ ತಿರುಗಲಿಲ್ಲ.

ಶುಕ್ರವಾರ ಹೊಸ ತಮಟೆ. ಹೊಸ ಬೇವು. ಮತ್ತೆ ಎಂಟು ದಿನ.

ಐದನೇ ದಿನ ಮಧ್ಯಾಹ್ನ ಯಾರೋ ‘ಗುರುಸಿದ್ದವ್ವಾ, ನಿನ್ನ ಮಗಳು’ ಎಂದು ಓಡುತ್ತಾ ಬಂದರು. ನಾನು ಹೋಗುವ ಹೊತ್ತಿಗೆ ಅರ್ಧ ಊರು ಹಗ್ಗದ ಹತ್ತಿರ ನಿಂತಿತ್ತು. ಹಗ್ಗದ ಆಚೆ ಪೇಟೆಯ ಬಾಡಿಗೆ ಗಾಡಿ. ಗಾಡಿಯ ಗೂಟಕ್ಕೆ ಒರಗಿ ಕಾಲು ಚಾಚಿಕೊಂಡು ಚಿಕ್ಕಿ. ಮುಖ ಬೆಳ್ಳಗಾಗಿತ್ತು. ಪಾದ ಎರಡೂ ಊದಿ ಬೆರಳು ಕಾಣುತ್ತಿರಲಿಲ್ಲ. ಹುದಿಕೇರಿಯಿಂದ ಮೂರು ಬಸ್ಸು ಬದಲಾಯಿಸಿಕೊಂಡು ಬಂದಿದ್ದಳು. ಅಳಿಯ ಮುಂದೆ ನಿಂತು ಕೈ ಮುಗಿಯುತ್ತಿದ್ದ.

‘ಕಾರ್ಡಿಗೆ ಉತ್ತರ ಇಲ್ಲ. ಯಾರೂ ಬರಲಿಲ್ಲ. ಇಲ್ಲೇನಾಯಿತೋ ಎಂದು ನಾನೇ ಕರೆದುಕೊಂಡು ಬಂದೆ. ಬಸ್ಸು ಇಳಿದಾಗಿನಿಂದ ನೋವು ಅಂತಿದ್ದಾಳೆ. ದಾರಿ ಬಿಡಿ.’

‘ಸಾರು ನಡೀತಾ ಅದೆ ಅಳಿಯಂದಿರೇ’ ಎಂದ ಕರಿಯ. ‘ತುಂಬು ಬಸುರಿ ಹೊರಗಿಂದ ಬಂದು ಹಗ್ಗ ದಾಟಂಗಿಲ್ಲ. ತಾಯಿ ಮೊದಲು ಹಿಡಿಯೋದೇ ಅಂಥೋರ್ನ.’

‘ಮೂರು ದಿನ’ ಎಂದ ಭಾವ ನೆಲ ನೋಡುತ್ತಾ. ‘ಪೇಟೇಲಿ ಗುರ್ತಿನೋರ ಮನೇಲಿ ಮೂರು ದಿನ ಇರಿ.’

‘ಮೂರು ದಿನ ಹೊಟ್ಟೇಲಿರೋದು ಕೇಳ್ತದಾ?’ ಎಂದು ಅಳಿಯ ಕೂಗಿದ. ಮೆತ್ತಗಿನ ಮನುಷ್ಯ ಅವನು. ಅವನು ಕೂಗಿದ್ದು ನಾನು ಮೊದಲು ಕೇಳಿದ್ದು ಆವತ್ತೇ.

ಚಿಕ್ಕಿ ನನ್ನನ್ನು ನೋಡಿದಳು. ಸಿಡುಬು ಬಂದ ಮೇಲೆ ಅವಳು ನನ್ನ ಮುಖ ಕಂಡಿರಲಿಲ್ಲ. ಕಲೆಗಳ ಮೇಲೆ ಅವಳ ಕಣ್ಣು ಓಡಾಡಿತು. ಆಮೇಲೆ ‘ಅವ್ವಾ, ಯಾಕೆ ಬರ್ಲಿಲ್ಲ?’ ಎಂದಳು.

ಊರೆಲ್ಲ ನನ್ನ ಪರವಾಗಿ ಉತ್ತರ ಹೇಳಿತು. ‘ಅವಳೇನು ಮಾಡ್ತಾಳವ್ವ, ಮೇಲಿಂದ ಮೇಲೆ ಸಾರು. ದಿನಾ ಜಗಳ ಆಡ್ತಿದ್ಲು ನಿನಗೋಸ್ಕರ.’ ‘ಯಾವಳೋ ನಾಲಿಗೆ ಚಪಲದೋಳು ಒಗ್ಗರಣೆ ಹಾಕಿ ಕೆಡಿಸಿದ್ಲು. ಇಲ್ದಿದ್ರೆ ಶನಿವಾರವೇ ಬರೋಳು.’

ಅವರು ಹೇಳುತ್ತಾ ಹೋದ ಹಾಗೆ ನನಗೆ ಮೈ ಉರಿಯಿತು. ಸುಮ್ಮನಿದ್ದರೆ ಎಲ್ಲರೂ ನನ್ನನ್ನು ಒಳ್ಳೆಯವಳೆಂದೇ ನಂಬುತ್ತಿದ್ದರು. ಮಗಳೂ ನಂಬುತ್ತಿದ್ದಳು. ಆದರೆ ಅವಳು ಹಗ್ಗದ ಆಚೆಯೇ ಇರುತ್ತಿದ್ದಳು.

‘ಬಾಯಿ ಮುಚ್ರಿ’ ಎಂದೆ. ‘ಒಗ್ಗರಣೆ ಹಾಕ್ದೋಳು ನಾನು.’

ಕರಿಯ ಹಲ್ಲು ಬಿಟ್ಟ. ನಾನು ತಮಾಷೆ ಮಾಡುತ್ತಿದ್ದೇನೆ ಅಂದುಕೊಂಡ.

‘ನಗಬ್ಯಾಡ ಕಣೋ. ಮೂಗು ಇಟ್ಕಂಡು ಬೇಲಿ ಸುತ್ತಿದೆಯಲ್ಲ, ನಮ್ಮನೆ ಒಲೇದೇ ಅದು. ಸಾಸಿವೆ, ಬೆಳ್ಳುಳ್ಳಿ, ಎರಡು ಮೆಣಸಿನಕಾಯಿ. ಬೇಕೂಂತ ಹಾಕ್ದೆ. ಶನಿವಾರ ಬಸ್ ಹತ್ತಬೇಕಲ್ಲ ಅಂತ ಹೆದರಿ ಹಾಕ್ದೆ. ಆ ಬುಧವಾರ ಬಸ್ಸಲ್ಲಿ ಜಾಗ ಇರ್ಲಿಲ್ಲ ಅಂದಿದ್ದೂ ಸುಳ್ಳೇ. ಖಾಲಿ ಬಸ್ಸು ಎರಡು ಹೋದ್ವು ನನ್ನ ಮುಂದೆ.’

ಯಾರೋ ಹಿಂದಿನಿಂದ ಕಿಸಕ್ಕೆಂದರು. ‘ಬಸ್ಸಿಗೆ ಹೆದರ್ತಾಳಂತೆ ನಮ್ಮ ಗುರುಸಿದ್ದವ್ವ!’

‘ಹೂಂ ಹೆದರ್ತೀನಿ. ನೀನು ಆ ಲಾರೀಲಿ ಹೋಗ್ಬಾ, ಆಮೇಲೆ ನಗು. ನೀವು ಯಾರು ಹೆದರ್ದೆ ಇರೋರು? ಒಬ್ಬೊಬ್ರೂ ಹೆದರ್ಕಂಡೇ ಹಗ್ಗ ಕಟ್ಕಂಡು ಕುಂತಿರೋದು. ಮಾರಮ್ಮನ ಹೆಸರು ಬೇರೆ ಕೆಡಿಸ್ತೀರಿ.’

ಹಗ್ಗ ಎತ್ತಿದೆ. ‘ದಾಟಿದ್ರೆ ತಿರುಗಿ ಬರಂಗಿಲ್ಲ’ ಎಂದ ಭಾವ. ‘ಬರಲ್ಲ. ಕಟ್ಕಂಡು ಕುಂತ್ಕಳಿ’ ಎಂದು ಬಗ್ಗಿ ದಾಟಿದೆ. ಬೇವಿನ ಸೊಪ್ಪು ತಲೆಗೆ ಸಿಕ್ಕಿಕೊಂಡಿತು, ಕಿತ್ತು ಎಸೆದೆ. ಗಾಡಿಯವನಿಗೆ ಪೇಟೆಯ ಸರ್ಕಾರಿ ಆಸ್ಪತ್ರೆಗೆ ಹೊಡೆ ಎಂದೆ. ಹಿಂದೆ ನೋಡಿದರೆ ನಮ್ಮನೆಯವರು ಮನೆಯ ಕಡೆ ಓಡುತ್ತಿದ್ದರು. ಸ್ವಲ್ಪ ಹೊತ್ತಿನಲ್ಲಿ ನಮ್ಮ ಗಾಡಿ ನಮ್ಮ ಹಿಂದೆ ಬರುತ್ತಿರುವ ಸದ್ದು ಕೇಳಿತು. ಹಗ್ಗವನ್ನು ಅವರು ಬಿಚ್ಚಿದರೋ ಕಡಿದರೋ ಕೇಳಲಿಲ್ಲ.

ಗಾಡಿಯಲ್ಲಿ ಚಿಕ್ಕಿಯ ತಲೆ ತೊಡೆಯ ಮೇಲಿಟ್ಟುಕೊಳ್ಳಲು ಹೋದೆ. ಅವಳು ನನ್ನ ಕೈ ತಳ್ಳಿದಳು.

‘ನಾನು ದಿನಾ ಎಸ್ಟೇಟಿನ ಕೂಲಿ ಲೈನ್ಸಿನ ಮುಂದಿನ ಕಲ್ಲಿನ ಮೇಲೆ ಕುಂತು ದಾರಿ ನೋಡ್ತಿದ್ದೆ. ಅಲ್ಲಿನ ಹೆಂಗಸ್ರು ಕೇಳೋರು, ಬಂದ್ರಾ ನಿಮ್ಮವ್ವ ಅಂತ. ನಾಳೆ ಬತ್ತಾಳೆ ಅಂತಿದ್ದೆ. ನೀನು ಇಲ್ಲಿ ಸಾಸಿವೆ ಸಿಡಿಸ್ಕಂಡು ಕುಂತಿದ್ದೆ.’

‘ಹೂಂ’ ಎಂದೆ.

‘ಹೂಂ ಅಂತೆ! ನಾನು ಸತ್ತಿದ್ರೆ?’

ಎಂಥ ಮಾತಿಗೂ ತಿರುಗಿಸಿ ಕೊಡುವ ನಾಲಿಗೆ ಅಂಟಿಕೊಂಡಿತ್ತು. ನೋವು ಬಂದಾಗ ಅವಳು ಗಾಡಿಯ ಗೂಟ ಹಿಡಿದುಕೊಂಡಳು, ನನ್ನ ಕೈ ಹಿಡಿಯಲಿಲ್ಲ.

ಆಸ್ಪತ್ರೆಯ ಬಾಗಿಲಲ್ಲಿ ಫಿನಾಯಿಲಿನ ವಾಸನೆ. ಷೆಡ್ಡಿನ ವಾಸನೆಯೂ ಅದೇ. ಬೆನ್ನು ತಣ್ಣಗಾಯಿತು. ಮಲಯಾಳಿ ನರ್ಸಮ್ಮ ಓಡಿ ಬಂದು ‘ವೇಗಂ, ವೇಗಂ! ಅಮ್ಮ ಮಾತ್ರ ಒಳಗೆ ಬಾ, ಗಂಡಸರು ಹೊರಗೆ’ ಎಂದಳು. ನಾನು ಕಂಬ ಹಿಡಿದು ನಿಂತೆ. ಚಿಕ್ಕಿ ಎರಡು ಹೆಜ್ಜೆ ಮುಂದೆ ಹೋಗಿ ತಿರುಗಿ ನೋಡಿದಳು.

‘ನೀನು ಹೊರಗೇ ಇರು. ನಿನ್ನ ಕೈಲಾಗಲ್ಲ.’

ನನ್ನ ಜೀವಮಾನದಲ್ಲಿ ನನಗೆ ಯಾರೂ ಹಾಗೆ ಅಂದಿರಲಿಲ್ಲ. ‘ಆಗಲ್ವಂತೆ! ನಡಿ ಮುಂದಕ್ಕೆ’ ಎಂದು ಗದರಿ ಕಂಬ ಬಿಟ್ಟೆ. ನರ್ಸಮ್ಮ ಹಿಡಿ ಎಂದಾಗ ಹಿಡಿದೆ, ನೀರು ತಾ ಎಂದಾಗ ತಂದೆ. ಅರ್ಧ ನೀರು ನೆಲಕ್ಕೆ ಚೆಲ್ಲಿತು, ನರ್ಸಮ್ಮ ಅವಳ ಭಾಷೆಯಲ್ಲಿ ಬೈದಳು, ನಾನು ನನ್ನ ಭಾಷೆಯಲ್ಲಿ ಬೈದೆ. ಹೊತ್ತು ಮುಳುಗುವುದಕ್ಕೆ ಮುಂಚೆ ಹೆಣ್ಣುಮಗು ಹುಟ್ಟಿತು. ದಿನ ತುಂಬದ ಕೂಸು, ಕೈಯಗಲ ಇತ್ತು. ಆದರೆ ಕಿರುಚಿದ್ದು ಗೇಟಿನ ತನಕ ಕೇಳಿಸಿತಂತೆ.

ಹನ್ನೆರಡು ದಿನ ಆಸ್ಪತ್ರೆಯಲ್ಲಿದ್ದೆವು. ಅಳಿಯ ರಜೆ ಮುಗಿದು ಎಸ್ಟೇಟಿಗೆ ಹೋಗಿದ್ದ. ಚಿಕ್ಕಿ ನನ್ನ ಕೈಯಿಂದ ಗಂಜಿ ಕುಡಿಯುತ್ತಿದ್ದಳು, ಕೂಸಿಗೆ ನೀರೆರೆಯಲು ಕೊಡುತ್ತಿದ್ದಳು, ಬೇಕಾದ್ದಕ್ಕಷ್ಟೇ ಮಾತನಾಡುತ್ತಿದ್ದಳು.

ಹತ್ತನೇ ದಿನ ಭಾವ ಬಂದ. ಗೇಟಿನ ಒಳಗೆ ಕಾಲಿಡಲಿಲ್ಲ. ನಾನೇ ಹೋದೆ. ಕೈಯಲ್ಲಿ ಒಂದು ಗೊನೆ ಬಾಳೆಹಣ್ಣು.

‘ಹಗ್ಗ ಬಿಚ್ಚಿದ್ವಿ. ಎರಡು ಬೀದಿಯೋರೂ ಒಂದೇ ದಿನ ಮೊಸರನ್ನ ಇಟ್ಟು ಮುಗಿಸಿದ್ವಿ. ಬಾಣಂತಿನ ಕರ್ಕಂಡು ಮನೆಗೆ ಬಾ.’

‘ಈಗ ಒಂದೇ ದಿನಕ್ಕೆ ಮುಗೀತಾ? ಮೊದಲೇ ಮಾಡಕ್ಕೇನಾಗಿತ್ತು?’

ಅವನು ಗೊನೆಯನ್ನು ಇನ್ನೊಂದು ಕೈಗೆ ತೆಗೆದುಕೊಂಡ. ಹೋಗಲಿಲ್ಲ. ಗೇಟಿನ ಕಂಬಿ ಹಿಡಿದುಕೊಂಡು, ‘ಅವಳು ಏನಾದ್ರೂ ಅಂದ್ಲಾ? ಕಡೇಲಿ’ ಎಂದ.

ಎರಡು ತಿಂಗಳಾಗುತ್ತಾ ಬಂದಿತ್ತು ನಿಂಗಮ್ಮ ಸತ್ತು. ಷೆಡ್ಡಿನ ತನಕ ಒಂದು ದಿನವೂ ಅವನು ಬಂದಿರಲಿಲ್ಲ. ನಾನು ತಿರುಗಿ ಬಂದ ಮೇಲೆ ನನ್ನನ್ನು ಕೇಳಲೂ ಇಲ್ಲ. ಇವನನ್ನು ಇಲ್ಲೇ ನಿಲ್ಲಿಸಿ ನೀರಿಳಿಸಬೇಕು ಅನ್ನಿಸಿತು.

‘ನೀವು ಬಂದು ಕೇಳ್ಕಬೇಕಿತ್ತು ಬಾವ.’

‘ಬರಕ್ಕಾಗ್ಲಿಲ್ಲ’ ಎಂದ. ‘ಪೇಟೆಗೆ ಮುಂಚಿನ ಸೇತುವೆ ಗಂಟ ಎರಡು ಸಲ ಬಂದೆ. ಅಲ್ಲಿಂದ ಈಚೆಗೆ ಕಾಲು ಬರ್ಲಿಲ್ಲ.’

ಅವನ ಕಾಲು ನೋಡಿದೆ. ನನ್ನ ಕಾಲು ಬಸ್‌ಸ್ಟ್ಯಾಂಡಿನಲ್ಲಿ ಬಂದಿತ್ತೆ?

‘ನೀರು ಕೇಳಿದ್ಲು’ ಎಂದೆ. ‘ಮಧ್ಯಾಹ್ನದ ಹೊತ್ತು. ಅಕ್ಕಾ ನೀರು ಅಂತ ನಾಕೈದು ಸಲ. ನನ್ನ ಕೈಲಿ ಏಳಕ್ಕಾಗ್ಲಿಲ್ಲ.’

ಇದನ್ನು ನಾನು ನಮ್ಮನೆಯವರಿಗೂ ಹೇಳಿರಲಿಲ್ಲ. ಭಾವ ಹಣ್ಣಿನ ಗೊನೆಯನ್ನು ನೆಲದ ಮೇಲಿಟ್ಟ. ಹೆಗಲ ಮೇಲಿನ ಟವಲು ಬಾಯಿಗೆ ಒತ್ತಿಕೊಂಡು ಸೇತುವೆಯ ದಾರಿ ಹಿಡಿದ. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು.

ಆಸ್ಪತ್ರೆಯಿಂದ ಬಿಡುವ ದಿನ ಗಂಟು ಕಟ್ಟುತ್ತಾ ಚಿಕ್ಕಿ, ‘ನಾನು ಆ ಊರಿಗೆ ಬರಲ್ಲ’ ಎಂದಳು. ‘ಹಗ್ಗದ ಆಚೆ ನಿಲ್ಸಿದ ಊರಿಗೆ ನನ್ನ ಕೂಸು ಯಾಕೆ ಬರಬೇಕು? ನಾನು ಹುದಿಕೇರಿಗೇ ಹೋಯ್ತೀನಿ. ನೀನು ಅಪ್ಪನ ಜೊತೆ ಗಾಡೀಲಿ ಹೋಗು.’

‘ಬಾಣಂತನ ಯಾರು ಮಾಡ್ತಾರೆ, ಎಸ್ಟೇಟಿನ ದೊರೇನಾ?’

‘ಹೆಂಗೋ ಆಯ್ತದೆ.’

‘ಹೆಂಗೂ ಆಗಲ್ಲ. ನಾನೂ ಬತ್ತೀನಿ.’

‘ಬಸ್ಸು ಅವ್ವ ಅದು. ಮೂರು ಬಸ್ಸು.’

‘ಮೂರಲ್ದಿದ್ರೆ ಮೂವತ್ತು. ನೀನು ಬಾಯಿ ಮುಚ್ಕಂಡು ಕೂಸು ಎತ್ಕ.’

ಬಸ್ಸು ಹತ್ತುವಾಗ ಕಂಡಕ್ಟರು ನನ್ನ ಮುಖದ ಕಲೆ ನೋಡಿ ಅಡ್ಡ ಕೈಯಿಟ್ಟ. ‘ಚೀಟಿ ಅದೆಯಾ? ಸಿಡುಬಿನೋರ್ನ ಹತ್ತಿಸಂಗಿಲ್ಲ.’ ಹೆಲ್ತ್ ಇನ್ಸ್‌ಪೆಕ್ಟರು ಬರೆದುಕೊಟ್ಟ ಚೀಟಿಯನ್ನು ರವಿಕೆಯಿಂದ ತೆಗೆದು ಅವನ ಮೂಗಿಗೆ ಹಿಡಿದೆ. ‘ಓದಕ್ಕೆ ಬತ್ತದಾ, ನಾನೇ ಓದಿ ಹೇಳ್ಲಾ?’ ಬಾಗಿಲ ಹತ್ತಿರ ಕೂತಿದ್ದವರು ಎದ್ದು ಹಿಂದಕ್ಕೆ ಹೋದರು. ಒಳ್ಳೆಯದೇ ಆಯಿತು, ಬಾಣಂತಿಗೆ ಕಾಲು ಚಾಚಲು ಜಾಗ ಸಿಕ್ಕಿತು. ಕೆಳಗೆ ನಮ್ಮನೆಯವರು ಎತ್ತಿನ ಹಗ್ಗ ಹಿಡಿದು ನಿಂತಿದ್ದರು. ‘ಹುಷಾರು’ ಎಂದರು.

ಎಂಜಿನ್ನು ಗುರುಗುಟ್ಟಿತು. ಮೊದಲನೇ ಮೈಲಿ ಕಣ್ಣು ಮುಚ್ಚಿಕೊಂಡೆ. ಎರಡನೆಯದರಲ್ಲಿ ಉಸಿರು ನಿಂತುಹೋಗುವ ಹಾಗಾಯಿತು. ‘ನಿಲ್ಸು, ನಿಲ್ಸು’ ಎಂದು ಕೂಗಿದೆ. ಗುಡ್ಡೆಹೊಸೂರಿನ ಹತ್ತಿರ ಬಸ್ಸು ನಿಂತಿತು. ಇಳಿದು ಚರಂಡಿಯ ಪಕ್ಕ ಕೂತು ಕಕ್ಕಿದೆ. ತಿರುಗಿ ನಡೆದರೆ ಸಂಜೆಯೊಳಗೆ ಮನೆ ಸೇರಬಹುದಿತ್ತು. ಬಸ್ಸಿನ ತುಂಬ ಜನ ಕಿಟಕಿಯಿಂದ ಬಗ್ಗಿ ನೋಡುತ್ತಿದ್ದರು. ಚಿಕ್ಕಿ ನೋಡುತ್ತಿರಲಿಲ್ಲ. ಕೂಸನ್ನು ಅವುಚಿಕೊಂಡು ನೇರ ಮುಂದೆ ನೋಡುತ್ತಿದ್ದಳು.

‘ಬತ್ತೀಯಾ ಇಲ್ವಾ ಅಜ್ಜೀ? ಬಿಟ್ಟು ಹೋಗ್ಲಾ?’ ಎಂದ ಕಂಡಕ್ಟರು.

‘ಬಿಟ್ಟು ಹೋಗಿ ನೋಡು’ ಎಂದು ಬಾಯಿ ಒರೆಸಿಕೊಂಡು ಎದ್ದೆ. ಮೆಟ್ಟಿಲು ಎತ್ತರವಿತ್ತು. ಕಂಬಿ ಹಿಡಿದು ಹತ್ತಿ, ಮಗಳ ಪಕ್ಕದಲ್ಲಿ ಕೂತೆ. ಅವಳು ಕೂಸನ್ನು ನನ್ನ ತೊಡೆಗೆ ಹಾಕಿದಳು.

‘ಏನ್ ನೋಡ್ತೀಯ? ಬಸ್ ಬಿಡಯ್ಯ’ ಎಂದೆ ಕಂಡಕ್ಟರಿಗೆ.